ಮನೆಯಲ್ಲೇ ಕ್ಯಾಂಪರ್ ಟ್ರೇಲರ್ ಕಟ್ಟುವ ಆಸೆಯೇ? ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕುವ ಮುನ್ನ ಇದನ್ನು ಓದಿ

ಅಹಮದಾಬಾದ್: ಚಳಿಗಾಲ ಬಂತೆಂದರೆ ಕಛ್‌ನ ಬಿಳಿ ರಣ್ ನೋಡಲು ಜನ ಹೊರಡುತ್ತಾರೆ. ನಗರದ ಸ್ಯಾಟಲೈಟ್ ಬಡಾವಣೆಯಿಂದ ಧೋರ್ಡೊಗೆ ಸುಮಾರು 400 ಕಿ.ಮೀ. ದೂರ. ಇಂಥ ಪ್ರವಾಸಕ್ಕೆ ಮಲಗಲು, ಅಡುಗೆ ಮಾಡಲು ಜಾಗವಿರುವ ಪುಟ್ಟ ಗಾಡಿಯೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋದರೆ ಹೇಗೆ ಎಂಬ ಆಸೆ ಹಲವರದು. ಅದನ್ನು ತಾವೇ ಕಟ್ಟಬೇಕೆಂಬ ಹುಮ್ಮಸ್ಸು ಇನ್ನು ಕೆಲವರದು.

ಸ್ಯಾಟಲೈಟ್‌ನ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಇರಲಿ, ಬೆಂಗಳೂರಿನ ಮನೆಯ ಅಂಗಳವಿರಲಿ, ಮೊದಲ ಬಾರಿಗೆ ಕರೆಂಟ್ ಯಂತ್ರ ಹಿಡಿಯುವವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಒಂದೇ ಯಂತ್ರದಲ್ಲಿ ಎಲ್ಲವನ್ನೂ ಕತ್ತರಿಸಲು ಹೋಗುವುದು!

ನಾಲ್ಕು ವಸ್ತು, ಒಂದೇ ಗ್ರೈಂಡರ್

ಕ್ಯಾಂಪರ್ ಟ್ರೇಲರ್ ಬಡಗಿ ಕೆಲಸವೂ ಹೌದು, ಕಬ್ಬಿಣದ ಕೆಲಸವೂ ಹೌದು. ಕೆಳಗೆ ಕಬ್ಬಿಣದ ಚೌಕಟ್ಟು, ಮೇಲೆ ಪ್ಲೈವುಡ್ ಗೋಡೆ, ಹೊರಗೆ ಅಲ್ಯೂಮಿನಿಯಂ ತಗಡು, ಕಿಟಕಿಗೆ ಅಕ್ರಿಲಿಕ್ ಹಾಳೆ. ಅಮೆರಿಕದಲ್ಲಿ 1930ರ ದಶಕದಿಂದ ಜನಪ್ರಿಯವಾದ, ನೀರ ಹನಿಯ ಆಕಾರದ ಪುಟ್ಟ ಟ್ರೇಲರ್‌ಗಳನ್ನೂ ಅನೇಕರು ಮನೆಯಲ್ಲೇ ಕಟ್ಟಿಕೊಂಡರು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆ ನಮ್ಮ ಅಂಗಡಿಗಳಲ್ಲೂ ಸುಲಭವಾಗಿ ಸಿಗುವುದರಿಂದ ಇಲ್ಲಿಯೂ ಆ ಅಳತೆ ಅನುಕೂಲ.

ಆದರೆ ಹೊಸಬರು ಮೊದಲು ಕೊಳ್ಳುವುದು ಅಗ್ಗವಾಗಿ ಸಿಗುವ ನಾಲ್ಕು ಇಂಚಿನ ಆಂಗಲ್ ಗ್ರೈಂಡರ್. ಕಬ್ಬಿಣದ ಪೈಪ್ ಸಲೀಸಾಗಿ ತುಂಡಾದದ್ದು ನೋಡಿ, ಪ್ಲೈವುಡ್‌ಗೂ ಅದೇ ಸಾಕು ಎನಿಸುತ್ತದೆ. ಅಂಗಡಿಯಲ್ಲಿ ಅದೇ ಅಳತೆಯ, ಹಲ್ಲುಗಳಿರುವ ಮರದ ಬ್ಲೇಡ್ ಸಿಗುತ್ತದೆ. ಅದನ್ನು ಕೂರಿಸಲು ಅಡ್ಡ ಬರುವ ಗಾರ್ಡ್ ಬಿಚ್ಚಿಡುತ್ತಾರೆ. ಅಪಾಯ ಶುರುವಾಗುವುದೇ ಅಲ್ಲಿಂದ.

ಗ್ರೈಂಡರ್‌ಗೆ ಮರದ ಬ್ಲೇಡ್ ಏಕೆ ಬೇಡ?

ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಬ್ಲೇಡ್‌ನ ಅಂಚು ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಕಬ್ಬಿಣ ಕತ್ತರಿಸುವ ಡಿಸ್ಕ್‌ಗೆ ಹಲ್ಲುಗಳಿಲ್ಲ. ಅದು ಸವೆಸುತ್ತಾ ಹೋಗುತ್ತದೆ. ಮರದ ಬ್ಲೇಡ್ ಹಾಗಲ್ಲ, ಅದರ ಪ್ರತಿ ಹಲ್ಲೂ ಮರವನ್ನು ಕಚ್ಚುತ್ತದೆ. ಗಂಟು ಅಡ್ಡ ಬಂದರೆ ಅಥವಾ ಕೈ ಸ್ವಲ್ಪ ವಾಲಿದರೆ ಬ್ಲೇಡ್ ಸಿಕ್ಕಿಕೊಂಡು, ಇಡೀ ಯಂತ್ರ ಹಿಡಿದವರ ಕಡೆಗೆ ಚಿಮ್ಮುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದು ಮುಗಿದಿರುತ್ತದೆ, ಕೈ ಹಿಂದೆಗೆದುಕೊಳ್ಳಲು ಸಮಯ ಸಿಗುವುದಿಲ್ಲ.

ಮರ ಕತ್ತರಿಸಲೆಂದೇ ಇರುವ ಸರ್ಕ್ಯುಲರ್ ಸಾದಲ್ಲಿ ಇದಕ್ಕೆ ತಡೆಗಳಿವೆ. ಹಲಗೆಯ ಮೇಲೆ ಕೂರುವ ಅಗಲವಾದ ತಳ, ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಗಾರ್ಡ್, ಬೆರಳು ತೆಗೆದರೆ ಮೋಟಾರ್‌ಗೆ ಕರೆಂಟ್ ಕಡಿಯುವ ಟ್ರಿಗರ್. ಗ್ರೈಂಡರ್‌ನಲ್ಲಿ ಇಂಥ ತಳವೂ ಇಲ್ಲ, ಮುಚ್ಚಿಕೊಳ್ಳುವ ಗಾರ್ಡೂ ಇಲ್ಲ. ಒಮ್ಮೆ ಸರಿಸಿದರೆ ಆನ್ ಆಗಿಯೇ ಇರುವ ಸ್ವಿಚ್ ಅನೇಕ ಮಾದರಿಗಳಲ್ಲಿದೆ. ಕೈ ಜಾರಿದರೂ ಯಂತ್ರ ತಿರುಗುತ್ತಲೇ ಇರುತ್ತದೆ. ಹಲ್ಲಿನ ಬ್ಲೇಡ್ ಹಾಕಬಾರದೆಂಬ ಎಚ್ಚರಿಕೆ ಗ್ರೈಂಡರ್ ಜೊತೆ ಬರುವ ಕೈಪಿಡಿಗಳಲ್ಲೇ ಇರುತ್ತದೆ. ಓದುವವರು ಕಡಿಮೆ ಅಷ್ಟೇ.

ಯಾವುದಕ್ಕೆ ಯಾವ ಯಂತ್ರ?

* ಕಬ್ಬಿಣದ ಚೌಕಟ್ಟು: ಆಂಗಲ್ ಗ್ರೈಂಡರ್, ತೆಳು ಕಟಿಂಗ್ ಡಿಸ್ಕ್. ಡಿಸ್ಕ್ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಹೆಚ್ಚಿರಲಿ. ಡಿಸ್ಕ್ ಮಧ್ಯದ ಲೋಹದ ಉಂಗುರದಲ್ಲಿ ಬಳಕೆ ಅವಧಿ ಮುದ್ರಿಸಿದ್ದರೆ ನೋಡಿಕೊಳ್ಳಿ. ಕಟಿಂಗ್ ಡಿಸ್ಕ್‌ನ ಪಕ್ಕದಿಂದ ಉಜ್ಜಬೇಡಿ, ಒಡೆಯುತ್ತದೆ.

* ಪ್ಲೈವುಡ್‌ನ ನೇರ ಗೆರೆ: ಸರ್ಕ್ಯುಲರ್ ಸಾ. ಬ್ಲೇಡ್ ಹಾಳೆಯ ದಪ್ಪಕ್ಕಿಂತ ಐದಾರು ಮಿ.ಮೀ. ಮಾತ್ರ ಕೆಳಗಿಳಿದರೆ ಸಾಕು. ಬ್ಲೇಡ್ ಕೆಳಗಿನಿಂದ ಮೇಲಕ್ಕೆ ಕತ್ತರಿಸುವುದರಿಂದ ಹಾಳೆಯ ಅಂದದ ಮುಖ ಕೆಳಗಿರಲಿ.

* ಬಾಗಿದ ಅಂಚು, ಕಿಟಕಿ: ಜಿಗ್‌ಸಾ. ಕಿಟಕಿಯ ನಾಲ್ಕು ಮೂಲೆಗೂ ಡ್ರಿಲ್‌ನಿಂದ ತೂತು ಹೊಡೆದು, ಅಲ್ಲಿಂದ ಬ್ಲೇಡ್ ಇಳಿಸಿ ಕತ್ತರಿಸಬೇಕು. ಕಲಿಯಲು ಇದೇ ಎಲ್ಲಕ್ಕಿಂತ ಸುಲಭದ ಯಂತ್ರ.

* ಅಲ್ಯೂಮಿನಿಯಂ ತಗಡು: ತಗಡು ಕತ್ತರಿ ಅಥವಾ ಸಣ್ಣ ಹಲ್ಲಿನ ಬ್ಲೇಡ್ ಹಾಕಿದ ಜಿಗ್‌ಸಾ. ಮೆತ್ತನೆಯ ಲೋಹವಾದ್ದರಿಂದ ಕಬ್ಬಿಣದ ಡಿಸ್ಕ್‌ಗೆ ಅಂಟಿಕೊಳ್ಳುತ್ತದೆ.

* ಅಕ್ರಿಲಿಕ್: ಜಿಗ್‌ಸಾ, ಕಡಿಮೆ ವೇಗ. ವೇಗ ಹೆಚ್ಚಾದರೆ ಬಿಸಿಗೆ ಕರಗಿ ಮತ್ತೆ ಅಂಟಿಕೊಳ್ಳುತ್ತದೆ. ಮೇಲಿನ ರಕ್ಷಣಾ ಹಾಳೆ ಕೀಳಬೇಡಿ.

ಕಲ್ಲು ಕತ್ತರಿಸುವ ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಬಳಸುವ ಬಡಗಿಗಳಿದ್ದಾರೆ. ಅದಕ್ಕೆ ತಳವೇನೋ ಇದೆ, ಆದರೆ ತಾನೇ ಮುಚ್ಚಿಕೊಳ್ಳುವ ಕೆಳಗಾರ್ಡ್ ಇಲ್ಲ. ಹೊಸಬರು ಅವರನ್ನು ಅನುಸರಿಸದಿರುವುದೇ ಒಳ್ಳೆಯದು.

ಹಾಳೆ ಇಡುವುದರಲ್ಲೇ ಅರ್ಧ ಸುರಕ್ಷತೆ

ಸರಿಯಾದ ಯಂತ್ರವಿದ್ದರೂ ಕಿಕ್‌ಬ್ಯಾಕ್ ಆಗಬಹುದು. ಎರಡು ಸ್ಟೂಲ್‌ಗಳ ಮೇಲೆ ಪ್ಲೈವುಡ್ ಇಟ್ಟು ನಡುವೆ ಕತ್ತರಿಸಿದರೆ ಹಾಳೆ ಮಧ್ಯಕ್ಕೆ ಬಾಗುತ್ತದೆ. ಕತ್ತರಿಸಿದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಇದಕ್ಕೆ ಸುಲಭ ಉಪಾಯವೆಂದರೆ ನೆಲದ ಮೇಲೆ ದಪ್ಪ ಥರ್ಮಾಕೋಲ್ ಹಾಳೆ ಹಾಸಿ, ಅದರ ಮೇಲೆ ಪ್ಲೈವುಡ್ ಇಟ್ಟು ಕತ್ತರಿಸುವುದು. ಆಗ ಎರಡು ತುಂಡಿಗೂ ಆಸರೆ ಇರುತ್ತದೆ. ಬ್ಲೇಡ್‌ನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ.

ಮೊದಲ ಗೆರೆ ಟ್ರೇಲರ್ ಮೇಲೆ ಬೇಡ. ಪ್ಲೈವುಡ್ ಅಂಗಡಿಯಲ್ಲಿ ಉಳಿದ ಚೂರುಗಳನ್ನು ತಂದು ಹತ್ತಿಪ್ಪತ್ತು ಬಾರಿ ಅಭ್ಯಾಸ ಮಾಡಿ. ಮೋಟಾರ್‌ನ ಸದ್ದು ಕುಗ್ಗಿತೆಂದರೆ ನೀವು ಜೋರಾಗಿ ತಳ್ಳುತ್ತಿದ್ದೀರಿ ಎಂದರ್ಥ. ಬ್ಲೇಡ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಕಿಡಿ, ಧೂಳು, ಶಬ್ದ

ಕಬ್ಬಿಣದ ಕೆಲಸವನ್ನು ಮೊದಲು ಮುಗಿಸಿ, ಪ್ಲೈವುಡ್ ಆಮೇಲೆ ತನ್ನಿ. ಗ್ರೈಂಡರ್ ಕಿಡಿ ದೂರ ಹಾರುತ್ತದೆ. ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡದ ಪ್ರಕಾರ ಇಂಥ ಕೆಲಸದ ಸುತ್ತ 35 ಅಡಿಯೊಳಗೆ ಹೊತ್ತಿಕೊಳ್ಳುವ ವಸ್ತು ಇರಬಾರದು, ಇದ್ದರೆ ಮುಚ್ಚಿಡಬೇಕು. ಪಾರ್ಕಿಂಗ್‌ನಲ್ಲಿ ಕೆಲಸ ಮಾಡುವವರು ಅಕ್ಕಪಕ್ಕದ ವಾಹನಗಳನ್ನೂ ನೆನಪಿಡಬೇಕು.

ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಹಾಗಾಗಿ ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್ ಪ್ಲಗ್ ಜೊತೆಗೆ ಮಾಸ್ಕ್ ಕೂಡ ಬೇಕು. ಅಹಮದಾಬಾದ್‌ನ ಬಿಸಿಲಿಗೆ ಬನಿಯನ್, ಚಪ್ಪಲಿಯಲ್ಲೇ ಕೆಲಸಕ್ಕಿಳಿಯುವ ಮನಸ್ಸಾಗಬಹುದು. ಆದರೆ ಬೇಕಾದದ್ದು ಮೈಗೆ ಹೊಂದುವ ಹತ್ತಿ ಬಟ್ಟೆ ಮತ್ತು ಶೂ. ದುಪಟ್ಟಾ, ಬಳೆ, ಕೈಗಡಗ ತೆಗೆದಿಡಿ. ದೇಶದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಗ್ರೈಂಡರ್ ಸದ್ದು ಇದನ್ನು ಸುಲಭವಾಗಿ ಮೀರುತ್ತದೆ. ನೆರೆಯವರನ್ನು ಕೇಳಿ ಹೊತ್ತು ನಿಗದಿ ಮಾಡಿಕೊಳ್ಳಿ.

ಕತ್ತರಿಸುವ ಮುನ್ನ ಆರ್‌ಟಿಒ

ಟ್ರೇಲರ್ ಕೂಡ ಮೋಟಾರು ವಾಹನ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೋಂದಣಿ ಇಲ್ಲದೆ ರಸ್ತೆಗಿಳಿಸುವಂತಿಲ್ಲ. ಕಾರನ್ನೇ ಕತ್ತರಿಸಿ ಕ್ಯಾಂಪರ್ ಮಾಡುವುದಂತೂ ಇನ್ನೂ ಕಷ್ಟ. ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ನಕ್ಷೆ ಹಿಡಿದು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.

ಅನಾಹುತವಾದರೆ ಏನು ಮಾಡಬೇಕು?

ಒಬ್ಬರೇ ಇದ್ದಾಗ ಯಂತ್ರ ಚಾಲೂ ಮಾಡಬೇಡಿ. ಗಾಯವಾದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಿದರೆ ಮರುಜೋಡಣೆ ಕಷ್ಟವಾಗುತ್ತದೆ.

ಜಿಗ್‌ಸಾ, ಸರ್ಕ್ಯುಲರ್ ಸಾ ಎರಡನ್ನೂ ಕೊಳ್ಳುವಷ್ಟು ಹಣವಿಲ್ಲವೆಂದರೆ ಬಾಡಿಗೆಗೆ ತರಬಹುದು. ಅದೂ ಆಗದಿದ್ದರೆ ಅಳತೆ ಬರೆದುಕೊಟ್ಟು ಬಡಗಿಯಿಂದಲೇ ಪ್ಲೈವುಡ್ ಕತ್ತರಿಸಿಕೊಂಡು ಬರಬಹುದು. ಜೋಡಿಸುವ ಖುಷಿಯಂತೂ ನಿಮ್ಮದೇ. ಗ್ರೈಂಡರ್ ಮಾತ್ರ ಕಬ್ಬಿಣಕ್ಕೇ ಇರಲಿ.