ಹಳೆಯ ಪತ್ರಿಕೆಯ ಹಾಳೆ, ವಿಕಿಯ ಪುಟ

ತಂಪಾನೂರಿನ ರೈಲುನಿಲ್ದಾಣಕ್ಕೂ ಬಸ್ಸುನಿಲ್ದಾಣಕ್ಕೂ ನಡುವೆ ಬಾಳು ಸವೆಸುವ ನಮ್ಮಂಥವರಿಗೆ ಹಳೆಯ ಕಾಗದವೆಂದರೆ ಪೊಟ್ಟಣ ಕಟ್ಟುವ ವಸ್ತು. ಅದರ ಮೇಲೆ ಏನು ಅಚ್ಚಾಗಿದೆಯೆಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾನೂ ಆ ಕಾಗದವನ್ನು ತೂಕದ ಲೆಕ್ಕದಲ್ಲಿ ಕೊಂಡವನೇ. ಒಮ್ಮೆ ಊರಿನಿಂದ ತಂದಿದ್ದ ಹಳೆಯ ಕನ್ನಡ ಮಾಸಪತ್ರಿಕೆಗಳ ಕಟ್ಟೊಂದನ್ನು ನನ್ನದೇ ಅಜಾಗರೂಕತೆಯಿಂದ ಪೊಟ್ಟಣದ ಕಾಗದದ ಮಗ್ಗುಲಲ್ಲಿಟ್ಟು ಗಲ್ಲಾಕ್ಕೆ ಹೋಗಿ ಕುಳಿತೆ. ಸಂಜೆಯ ಗಾಡಿಯ ಗದ್ದಲ ಅಡಗಿದ ಮೇಲೆ ನೋಡಿದರೆ, ಅರ್ಧ ಕಟ್ಟು ಉದ್ದಿನವಡೆಯೊಡನೆ ರೈಲು ಹತ್ತಿ ಹೋಗಿತ್ತು. "ಧಣಿಗಳೇ, ನೀವೇ ಅಲ್ಲಿಟ್ಟದ್ದಲ್ಲವೇ?" ಎಂದು ಮಾಣಿ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಚಿಕೆಗಳ ಮತ್ತೊಂದು ಪ್ರತಿ ನನಗೆ ಈವರೆಗೂ ದೊರೆತಿಲ್ಲ.

ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಯು ೧೮೪೩ರ ಜುಲೈ ೧ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಂದಿನಿಂದ ಕನ್ನಡದಲ್ಲಿ ಎಷ್ಟು ಪತ್ರಿಕೆಗಳು ಹುಟ್ಟಿದವು, ಎಷ್ಟು ಕಣ್ಮುಚ್ಚಿದವು! ಪುಸ್ತಕವಾದರೆ ಮರುಮುದ್ರಣದ ಆಸೆಯಾದರೂ ಉಂಟು. ಪತ್ರಿಕೆಯ ಲೇಖನಕ್ಕೆ ಆ ಭಾಗ್ಯ ಅಪರೂಪ. ಗೆದ್ದಲು, ಮಳೆಗಾಲದ ತೇವ, ರದ್ದಿಯ ತಕ್ಕಡಿ ಇವು ಮೂರೂ ಅದರ ಹಗೆಗಳು. ಈ ಹಗೆಗಳ ಕೈಗೆ ಸಿಗದಂತೆ ಅದನ್ನು ವಿಕಿಯ ಪುಟಕ್ಕೆ ಏರಿಸುವ ಸಂಬಳವಿಲ್ಲದ ಕೆಲಸವೊಂದು ನಡೆದಿದೆ. ಅದರಲ್ಲಿ ನಮ್ಮ ವಾಚಕರೂ ಕೈಹಾಕಬಹುದೆಂದು ಹೇಳುವುದೇ ಈ ಬರಹದ ಉದ್ದೇಶ.

ವಿಕಿಯಲ್ಲಿ ಎರಡು ಮನೆಗಳಿವೆಯೆಂಬುದನ್ನು ಮೊದಲು ತಿಳಿಯಬೇಕು. ವಿಕಿಸೋರ್ಸ್ ಎಂಬುದು ಗ್ರಂಥಭಂಡಾರ. ಅಲ್ಲಿ ಹಳೆಯ ಬರಹವನ್ನು ಅಕ್ಷರ ಬದಲಿಸದೆ, ಇದ್ದುದನ್ನು ಇದ್ದಂತೆ ಇಡಬೇಕು. ವಿಕಿಪೀಡಿಯವಾದರೋ ವಿಶ್ವಕೋಶ, ಅಲ್ಲಿ ಹಳೆಯ ಬರಹದ ಸಾರವನ್ನು ತನ್ನ ಮಾತಿನಲ್ಲಿ ಬರೆದು ಆಧಾರವನ್ನು ತೋರಿಸಬೇಕು. ಕನ್ನಡ ವಿಕಿಪೀಡಿಯವು ೨೦೦೩ರಲ್ಲಿ ಆರಂಭವಾಗಿ ಇಂದು ಮೂವತ್ತು ಸಾವಿರ ಲೇಖನಗಳನ್ನು ದಾಟಿದೆ. ನಾವು ಅನ್ನ ತಿನ್ನುತ್ತಿರುವ ಈ ನಾಡಿನ ಮಲೆಯಾಳ ವಿಕಿಪೀಡಿಯವು ೨೦೦೨ರಲ್ಲಿ ತೊಡಗಿ ಎಂಬತ್ತು ಸಾವಿರವನ್ನು ಮೀರಿದೆ. ತಿರುವನಂತಪುರದಲ್ಲಿಯೇ ಇರುವ ರಾಜ್ಯ ಸರ್ವವಿಜ್ಞಾನಕೋಶ ಸಂಸ್ಥೆಯು ತನ್ನ ಬರಹಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ಅವರಿಗೆ ದೊಡ್ಡ ಬಲವಾಯಿತು. ಕನ್ನಡದಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ತನ್ನ ವಿಶ್ವಕೋಶವನ್ನು ಹಾಗೆಯೇ ಮುಕ್ತಗೊಳಿಸಿತು. ಆ ಬರಹಗಳು ಇಂದು ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ದೊರೆಯುತ್ತವೆ.

ಕೆಲಸದ ಕ್ರಮ ಹೀಗೆ. ಹಳೆಯ ಸಂಚಿಕೆಯ ಹಾಳೆಗಳನ್ನು ಸ್ಕ್ಯಾನ್ ಮಾಡಿ ಕಡತವನ್ನು ಏರಿಸುವುದು ಮೊದಲ ಹೆಜ್ಜೆ. ಆಮೇಲೆ ಯಂತ್ರವೇ ಚಿತ್ರವನ್ನು ಓದಿ ಅಕ್ಷರಗಳನ್ನಾಗಿ ಮಾಡಿಕೊಡುತ್ತದೆ. ಆದರೆ ಯಂತ್ರಕ್ಕೆ ಕನ್ನಡದ ಒತ್ತಕ್ಷರಗಳ ಸೂಕ್ಷ್ಮವೆಲ್ಲಿ ತಿಳಿಯಬೇಕು? ಅರ್ಕಾವೊತ್ತನ್ನು ಒಂಬತ್ತರ ಅಂಕಿಯೆಂದೂ ಅನುಸ್ವಾರವನ್ನು ಸೊನ್ನೆಯೆಂದೂ ಅದು ಭ್ರಮಿಸುತ್ತದೆ. 'ಮ'ಕಾರವನ್ನು 'ವ'ಕಾರ ಮಾಡುತ್ತದೆ. ಇದನ್ನು ಮೂಲದ ಚಿತ್ರದೊಡನೆ ಸಾಲುಸಾಲಾಗಿ ಹೋಲಿಸಿ ತಿದ್ದುವುದು ಮನುಷ್ಯನ ಪಾಲಿನ ಕೆಲಸ. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ ಪುಟಕ್ಕೆ ಹಳದಿ, ಬೇರೊಬ್ಬರು ಮತ್ತೊಮ್ಮೆ ನೋಡಿ ಒಪ್ಪಿದ ಪುಟಕ್ಕೆ ಹಸಿರು. ಹಳದಿ ಮಾಡಿದವನೇ ಹಸಿರನ್ನೂ ಮಾಡುವಂತಿಲ್ಲ. ಬಿಲ್ಲು ಬರೆದವನೇ ಗಲ್ಲಾ ಎಣಿಸಬಾರದೆಂಬ ನಮ್ಮ ಹೋಟೆಲಿನ ನಿಯಮವನ್ನು ನೆನೆದರೆ ಇದರ ಮರ್ಮ ತಾನೇ ತಿಳಿಯುವುದು.

ಕಾನೂನಿನ ಮಾತು ಇದಕ್ಕೂ ಮುಖ್ಯ. ನಮ್ಮ ದೇಶದಲ್ಲಿ ಲೇಖಕನು ಗತಿಸಿದ ಮುಂದಿನ ವರ್ಷದ ಆರಂಭದಿಂದ ಎಣಿಸಿ ೬೦ ವರ್ಷಗಳವರೆಗೆ ಆತನ ಬರಹದ ಹಕ್ಕು ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು ೧೯೬೩ರಲ್ಲಿ. ಆದುದರಿಂದ ಅವರ ಜೀವಿತಕಾಲದಲ್ಲಿ ಅಚ್ಚಾದ ಬರಹಗಳು ೨೦೨೪ರ ಜನವರಿ ೧ರಿಂದ ಎಲ್ಲರ ಸ್ವತ್ತಾದವು. ಕಯ್ಯಾರ ಕಿಞ್ಞಣ್ಣ ರೈಗಳು ಅಗಲಿದ್ದು ೨೦೧೫ರಲ್ಲಿ. ಅವರ ಬರಹಗಳ ಹಕ್ಕು ೨೦೭೫ರ ಕೊನೆಯವರೆಗೂ ಇರುತ್ತದೆ. ಇಬ್ಬರೂ ಗಡಿನಾಡಿನ ಹಿರಿಯರೇ, ಇಬ್ಬರ ಮೇಲೂ ನಮಗೆ ಅಭಿಮಾನವೇ. ಆದರೂ ಮೊದಲನೆಯವರ ಬರಹವನ್ನು ಪೂರ್ತಿಯಾಗಿ ಏರಿಸಬಹುದು, ಎರಡನೆಯವರದನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಏರಿಸಕೂಡದು. ಹಕ್ಕಿರುವುದು ಮಾತಿನ ರೂಪಕ್ಕೆ, ಅದು ತಿಳಿಸುವ ಸಂಗತಿಗಲ್ಲ. ಸಂಗತಿಯನ್ನು ತನ್ನ ವಾಕ್ಯದಲ್ಲಿ ಬರೆದು ಮೂಲವನ್ನು ಹೆಸರಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಉಳಿದ ಆ ಅರ್ಧ ಕಟ್ಟಿನಿಂದ ಲೇಖನವೊಂದನ್ನು ಆರಿಸಿ, ಮೂರು ರಾತ್ರಿ ಕುಳಿತು ಬೆರಳಚ್ಚು ಮಾಡಿ, ವಿಕಿಪೀಡಿಯಕ್ಕೆ ಹಾಗೆಯೇ ಹಾಕಿಬಿಟ್ಟೆ. ಮರುದಿನ ನೋಡಿದರೆ ಪುಟವೇ ಇಲ್ಲ! ಮೈಯೆಲ್ಲ ಉರಿದುಹೋಯಿತು. ಯಾರೋ ಅಪರಿಚಿತ ಸ್ವಯಂಸೇವಕರು, ಲೇಖಕರ ಹಕ್ಕು ಇನ್ನೂ ಮುಗಿದಿಲ್ಲವೆಂದೂ ವಿಶ್ವಕೋಶದಲ್ಲಿ ಹೊಗಳಿಕೆಗೆ ಸ್ಥಳವಿಲ್ಲವೆಂದೂ ವಿನಯದಿಂದಲೇ ಬರೆದಿದ್ದರು. ಎರಡು ದಿನ ಕಳೆದು ಕೋಪ ತಣಿದ ಮೇಲೆ ಯೋಚಿಸಿದರೆ, ಅವರು ಹೇಳಿದ್ದು ಸರಿಯೇ.

ಪತ್ರಿಕೆಯ ಮಾತು ಬೇರೆ, ವಿಶ್ವಕೋಶದ ಮಾತು ಬೇರೆ. "ಗಡಿನಾಡಿನ ಅನರ್ಘ್ಯ ರತ್ನ, ಸರಸ್ವತಿಯ ವರಪುತ್ರ" ಎಂದು ಪತ್ರಿಕೆಯಲ್ಲಿ ಬರೆಯಬಹುದು. ವಿಕಿಯಲ್ಲಿ "ಎಂ. ಗೋವಿಂದ ಪೈ (೧೮೮೩-೧೯೬೩) ಕನ್ನಡದ ಕವಿ, ಸಂಶೋಧಕ; ೧೯೪೯ರಲ್ಲಿ ಮದರಾಸು ಸರ್ಕಾರವು ಇವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು" ಎಂದಷ್ಟೇ ಬರೆದು, ಯಾವ ಪತ್ರಿಕೆಯ ಯಾವ ಸಂಪುಟ, ಸಂಚಿಕೆ, ಪುಟದಿಂದ ಅದು ಬಂದಿತೆಂದು ಅಡಿಯಲ್ಲಿ ತೋರಿಸಬೇಕು. ಕಾಲದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. "ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು" ಎಂದು ೧೯೫೦ರ ಪತ್ರಿಕೆಯಲ್ಲಿದ್ದರೆ ಅಂದಿಗೆ ಅದು ನಿಜ. ೧೯೫೬ರ ನವೆಂಬರ್ ೧ರಂದು ಅದು ಕೇರಳಕ್ಕೆ ಸೇರಿತು, ೧೯೮೪ರ ಮೇ ೨೪ರಂದು ತಾನೇ ಜಿಲ್ಲೆಯಾಯಿತು. ಹಳೆಯ ವಾಕ್ಯವನ್ನು ಕಣ್ಣುಮುಚ್ಚಿ ನಕಲು ಮಾಡಿದವನು ಅಂದಿನ ಸತ್ಯವನ್ನು ಇಂದಿನ ಸುಳ್ಳನ್ನಾಗಿ ಮಾಡುತ್ತಾನೆ. "ಇತ್ತೀಚೆಗೆ", "ಕಳೆದ ವರ್ಷ", "ಈಗಿನ ಮಂತ್ರಿಗಳು" ಎಂಬ ಮಾತುಗಳಿಗೂ ಇಸವಿಯನ್ನು ಹಚ್ಚಿಯೇ ಮುಂದೆ ಹೋಗಬೇಕು.

ಇದರಿಂದ ನಮಗೇನು ಎಂದು ಕೇಳುವವರುಂಟು. ಉತ್ತರವನ್ನು ಅನುಭವದಿಂದಲೇ ಹೇಳುತ್ತೇನೆ. ತಿರುವನಂತಪುರದಲ್ಲಿಯೂ ಎರ್ಣಾಕುಳದಲ್ಲಿಯೂ ನಮ್ಮ ಹಿರಿಯರು ಒಲೆ ಹೊತ್ತಿಸಿದ ಕಥೆಯನ್ನು ಒಂದು ಪುಟ ಬರೆಯೋಣವೆಂದು ಹೊರಟೆ. ಯಾರು ಮೊದಲು ಬಂದರು, ಯಾವ ಇಸವಿಯಲ್ಲಿ, ಎಲ್ಲಿ ಬೋರ್ಡು ಹಾಕಿದರು ಎಂಬುದನ್ನು ಅಡುಗೆಭಟ್ಟರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ಹೇಳಬಲ್ಲರು. ಒಬ್ಬೊಬ್ಬರದು ಒಂದೊಂದು ಇಸವಿ! ವಿಕಿಯು ಬಾಯಿಮಾತನ್ನು ಒಪ್ಪುವುದಿಲ್ಲ, ಅಚ್ಚಾದ ಆಧಾರವನ್ನು ಕೇಳುತ್ತದೆ. ಆ ಆಧಾರವಿದ್ದದ್ದು ಎಲ್ಲಿ? ಸಂಘದ ವಾರ್ಷಿಕೋತ್ಸವದ ಸಂಚಿಕೆಗಳಲ್ಲಿ, ಹಳೆಯ ಮಾಸಪತ್ರಿಕೆಗಳ ಮೂಲೆಯ ಸುದ್ದಿಗಳಲ್ಲಿ. ಬಹುಶಃ ನಾನು ವಡೆ ಕಟ್ಟಿಸಿ ಕಳಿಸಿದ ಹಾಳೆಗಳಲ್ಲಿಯೂ ಇದ್ದಿರಬಹುದು. ಆ ಪುಟವನ್ನು ನಾನು ಇನ್ನೂ ಬರೆಯಲಾಗಿಲ್ಲ. ಪರಸ್ಥಳದಲ್ಲಿ ದುಡಿದು ಮಡಿದವರ ಹೆಸರನ್ನು ಉಳಿಸಲು ಶಿಲಾಶಾಸನವಿಲ್ಲ. ಇರುವುದು ಈ ಹಳದಿಯಾದ ಕಾಗದವೊಂದೇ.

ಸಂಪಾದಕನ ಕುರ್ಚಿಯಲ್ಲಿ ಕುಳಿತ ಮೇಲೆ ಇನ್ನೊಂದು ಮಾತೂ ಮನಸ್ಸಿಗೆ ಬಂದಿದೆ. ಇಂದು ನಾವು ಅಚ್ಚು ಮಾಡುವ ಸುದ್ದಿಯೇ ನಾಳೆ ಮತ್ತೊಬ್ಬನಿಗೆ ಆಧಾರ. ಆದಕಾರಣ ಸಂಘದ ಸಭೆಯ ವರದಿ ಕಳಿಸುವವರು ದಿನಾಂಕ, ಸ್ಥಳ, ಪೂರ್ಣ ಹೆಸರು ಇವನ್ನು ಬಿಡದೆ ಬರೆಯಬೇಕೆಂದು ಪ್ರಾರ್ಥನೆ. "ಮೊನ್ನೆ ನಮ್ಮ ಭಟ್ಟರ ಹೋಟೆಲಿನಲ್ಲಿ" ಎಂದರೆ ಮುಂದಿನ ತಲೆಮಾರಿಗೆ ಏನು ತಿಳಿದೀತು?

ವಾಚಕ ಮಹಾಶಯರೇ, ಈ ಕೆಲಸಕ್ಕೆ ಪದವಿ ಬೇಡ, ಎಸ್.ಎಸ್.ಎಲ್.ಸಿ. ಓದಿದ ನಾನೇ ಮಾಡುತ್ತಿದ್ದೇನೆ. ಮಧ್ಯಾಹ್ನದ ಊಟದ ಸರದಿ ಮುಗಿದು ಸಂಜೆಯ ಕಾಫಿ ಆರಂಭವಾಗುವುದರೊಳಗೆ ದೊರೆಯುವ ಬಿಡುವಿನಲ್ಲಿ, ಕೈಯಲ್ಲಿರುವ ಫೋನಿನಲ್ಲಿಯೇ ದಿನಕ್ಕೊಂದು ಪುಟ ತಿದ್ದಬಹುದು. ತಪ್ಪಾದರೆ ಭಯವಿಲ್ಲ, ಪ್ರತಿಯೊಂದು ತಿದ್ದುಪಡಿಯ ಇತಿಹಾಸವೂ ಅಲ್ಲಿ ಉಳಿಯುವುದರಿಂದ ಹಿಂದಿನ ರೂಪಕ್ಕೆ ಮರಳಿಸಬಹುದು. ಊರಿಗೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿರಿ. ಹಳೆಯ ಸಂಚಿಕೆ ಸಿಕ್ಕಿದರೆ ರದ್ದಿಗೆ ಹಾಕುವ ಮುನ್ನ ಮುಖಪುಟದ ಮೇಲಿನ ಇಸವಿಯನ್ನು ಓದಿ, ಈ ಕಚೇರಿಗೆ ಒಂದು ಕಾರ್ಡು ಬರೆಯಿರಿ, ಇಲ್ಲವೆ ಫೋನಿನಲ್ಲಿ ತಿಳಿಸಿರಿ. ಬಂದು ಕೊಂಡೊಯ್ಯುವ ಹೊಣೆ ನನ್ನದು. ಪ್ರತಿ ತೆಗೆದ ಬಳಿಕ ಜೋಪಾನವಾಗಿ ಹಿಂದಿರುಗಿಸುವ ಹೊಣೆಯೂ ನನ್ನದೇ. ಈ ಸಲ ಅದನ್ನು ಪೊಟ್ಟಣದ ಕಾಗದದ ಮಗ್ಗುಲಲ್ಲಿ ಇಡುವುದಿಲ್ಲ.