ಪುಟ್ಟ ಮಗುವಿನೊಡನೆ ಕಡಲು–ಕಾಡಿನ ಪ್ರವಾಸ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಕಡಲನ್ನೂ ಮಲೆನಾಡಿನ ದಟ್ಟ ಕಾಡನ್ನೂ ಒಂದೇ ಪ್ರವಾಸದಲ್ಲಿ ಕಾಣಬೇಕೆಂಬ ಆಸೆ ಸಹಜವಾದುದು. ಪಶ್ಚಿಮ ಘಟ್ಟದ ಮಳೆಕಾಡು ಮತ್ತು ಅರಬ್ಬೀ ಸಮುದ್ರದ ಮರಳದಂಡೆ ನಮ್ಮ ನಾಡಿನಲ್ಲಿ ಎರಡು ಗಂಟೆಗಳ ಹಾದಿಯಷ್ಟು ಹತ್ತಿರದಲ್ಲಿವೆ. ಮನೆಯಲ್ಲಿ ಎರಡು ವರ್ಷದ ಕೂಸೊಂದಿದ್ದರೆ ಆ ಆಸೆಗೆ ಮತ್ತಷ್ಟು ಉತ್ಸಾಹ ಸೇರುತ್ತದೆ. ಮಗು ಮೊದಲ ಬಾರಿ ಅಲೆಯನ್ನು ಕಂಡು ಕೇಕೆ ಹಾಕುವುದನ್ನು ನೋಡಲು ಯಾವ ಅಜ್ಜ ಅಜ್ಜಿಗೆ ಮನಸ್ಸಿರದು!

ಕೆಲವು ವರ್ಷಗಳ ಹಿಂದೆ ನಾವೂ ಇದೇ ಉತ್ಸಾಹದಿಂದ ಎರಡು ವರ್ಷದ ಮೊಮ್ಮಗನೊಡನೆ ದಾವಣಗೆರೆಯಿಂದ ಹೊರಟು, ತೀರ್ಥಹಳ್ಳಿ ಆಗುಂಬೆಗಳ ಮಾರ್ಗವಾಗಿ ಮಲ್ಪೆಗೆ ಹೋಗಿದ್ದೆವು. ಸಂಜೆಯ ಹೊತ್ತು. ದಂಡೆಯ ಮೇಲೆ ನಾವು ಆರು ಮಂದಿ ಹಿರಿಯರಿದ್ದೆವು. ಒಬ್ಬರು ಮಂಡಕ್ಕಿ ಕಲಸುತ್ತಿದ್ದರು, ಒಬ್ಬರು ಚಿತ್ರ ತೆಗೆಯುತ್ತಿದ್ದರು, ಉಳಿದವರು ಸೂರ್ಯಾಸ್ತವನ್ನು ನೋಡುತ್ತಿದ್ದೆವು. ಮಗು ಇನ್ನೊಬ್ಬರ ಬಳಿ ಇದೆಯೆಂದೇ ಪ್ರತಿಯೊಬ್ಬರೂ ಭಾವಿಸಿದ್ದೆವು. ಅದು ಹಿಂದೆ ಸರಿಯುತ್ತಿದ್ದ ಅಲೆಯ ಬೆನ್ನು ಹತ್ತಿ ನಡೆದಿತ್ತು. ಬಲೆಯ ಬಳಿ ಕುಳಿತಿದ್ದ ಮೀನುಗಾರ ತಾಯಿಯೊಬ್ಬರು ಓಡಿಹೋಗಿ ಅದರ ರಟ್ಟೆ ಹಿಡಿದು ಎತ್ತಿಕೊಂಡು ಬಂದರು. ಮುಂದಿನ ಅಲೆ ಅವರ ಮೊಣಕಾಲನ್ನು ಮುಳುಗಿಸಿತ್ತು. “ಇಷ್ಟು ಜನ ಇದ್ದೀರಿ, ಮಗುವನ್ನು ನೋಡುವವರು ಯಾರು ಮಾರಾಯ್ರೆ?” ಎಂದು ಅವರು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರವಿರಲಿಲ್ಲ.

ಅಂದಿನಿಂದ ಆ ಪ್ರಶ್ನೆ ನಮ್ಮೊಡನಿದೆ. ಪುಟ್ಟ ಮಗುವಿನೊಡನೆ ಪ್ರವಾಸ ಹೊರಡುವ ಓದುಗ ಬಂಧುಗಳಿಗೆ ನಾವು ಕಂಡುಂಡುದನ್ನೂ, ಅನಂತರ ಮಕ್ಕಳ ವೈದ್ಯರಿಂದ ಕೇಳಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ.

ಕಾಲದ ಆಯ್ಕೆ

ಕಡಲಿಗೆ ಒಳ್ಳೆಯದೆನಿಸುವ ಕಾಲ ಕಾಡಿಗೂ ಒಳ್ಳೆಯದೇ ಆಗಬೇಕೆಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಉಗ್ರವಾಗಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಮೀನುಗಾರಿಕೆಗೆ ಕಡಲಿಗಿಳಿಯುವುದಕ್ಕೇ ನಿಷೇಧವಿದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಲ್ಲಿ ಆ ದಿನಗಳಲ್ಲಿ ಮಗುವಿನ ಬಟ್ಟೆ ಒಣಗುವುದೂ ಕಷ್ಟ. ಮಾರ್ಚ್‌ನಿಂದ ಮೇ ತನಕ ಕರಾವಳಿಯ ಸೆಕೆ ಅಸಹನೀಯವಾದುದು.

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಡಲತೀರ ಹಿತಕರವಾಗಿರುವುದು ನಿಜ. ಆದರೆ ಮಂಗನ ಕಾಯಿಲೆ ತಲೆಯೆತ್ತುವ ಕಾಲವೂ ಅದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವನ್ನು ಕಾಡಿನ ಉಣುಗುಗಳು ಹರಡುತ್ತವೆ. ಚಳಿಗಾಲದಿಂದ ಮುಂಗಾರಿನ ಆರಂಭದವರೆಗೆ, ಒಣಗಿದ ತರಗೆಲೆಗಳ ನಡುವೆ ಉಣುಗಿನ ಮರಿಗಳು ಹೇರಳವಾಗಿರುತ್ತವೆ. ಆದುದರಿಂದ ಕಡಲು ಕಾಡುಗಳೆರಡನ್ನೂ ನೋಡಬೇಕೆನ್ನುವವರಿಗೆ ಅಕ್ಟೋಬರ್ ಕೊನೆ ಮತ್ತು ನವೆಂಬರ್ ತಿಂಗಳು ಯೋಗ್ಯವಾದವು. ಅದಾದ ಬಳಿಕ ಹೋಗುವವರು ತಂಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ದೂರವಾಣಿ ಮಾಡಿ, ಸಮೀಪದಲ್ಲಿ ಮಂಗಗಳು ಸತ್ತಿವೆಯೇ, ಜ್ವರದ ಪ್ರಕರಣಗಳಿವೆಯೇ ಎಂದು ವಿಚಾರಿಸತಕ್ಕದ್ದು. ಹೌದೆಂದರೆ ಮಗುವನ್ನು ಕಾಡಿನೊಳಗೆ ಒಯ್ಯದಿರುವುದೇ ವಿವೇಕ.

ಹೊರಡುವ ಮುನ್ನ

ತಿಂಗಳೊಪ್ಪತ್ತು ಮೊದಲೇ ಮಗುವಿನ ಲಸಿಕೆಯ ಕಾರ್ಡನ್ನು ವೈದ್ಯರಿಗೆ ತೋರಿಸಿರಿ. 16ರಿಂದ 24 ತಿಂಗಳ ನಡುವೆ ಕೊಡಬೇಕಾದ ದಡಾರ–ರುಬೆಲ್ಲಾ ಎರಡನೆಯ ಚುಚ್ಚುಮದ್ದು ಮತ್ತು ಡಿಪಿಟಿ ಬೂಸ್ಟರ್ ಅನೇಕ ಮನೆಗಳಲ್ಲಿ ಮರೆತುಹೋಗಿರುತ್ತವೆ.

ಈ ವಯಸ್ಸಿನ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆಗಳ ನಿದ್ರೆ ಬೇಕು. ದಿನಕ್ಕೊಂದು ಊರು, ರಾತ್ರಿಗೊಂದು ಹಾಸಿಗೆ ಎಂಬ ಪ್ರವಾಸ ಹಿರಿಯರಿಗೆ ಹಬ್ಬ, ಮಗುವಿಗೆ ದಣಿವು. ಐದು ದಿನಗಳಿದ್ದರೆ ಮೂರು ದಿನ ಕಡಲ ಬಳಿ, ಎರಡು ದಿನ ಕಾಡಂಚಿನಲ್ಲಿ ತಂಗಿದರೆ ಸಾಕು. ಉಡುಪಿಯಿಂದ ಮಲ್ಪೆ ಆರು ಕಿಲೋಮೀಟರ್ ಒಳಗೇ ಇದೆ, ಮಣಿಪಾಲದ ಆಸ್ಪತ್ರೆಗಳೂ ಹತ್ತಿರ. ಆಗುಂಬೆಯಿಂದಾದರೋ ತಾಲ್ಲೂಕು ಕೇಂದ್ರವಾದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರ್ ಘಟ್ಟದ ಹಾದಿ. ದೂರವಾಣಿ ಸಂಪರ್ಕವೂ ಎಲ್ಲೆಡೆ ಸಿಗದು. ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ತೆರೆದಿರುವುದೇ, ಅಲ್ಲಿಗೆ ಹೋಗಲು ವಾಹನವುಂಟೇ ಎಂಬುದನ್ನು ಕೋಣೆ ಗೊತ್ತುಮಾಡುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.

ಔಷಧದ ಚೀಲದಲ್ಲಿ ಓ.ಆರ್.ಎಸ್. ಪುಡಿ, ಪ್ಯಾರಾಸಿಟಮಾಲ್ ಸಿರಪ್, ಉಷ್ಣಮಾಪಕ, ಚಿಮಟ, ಗಾಯದ ಪಟ್ಟಿ ಮತ್ತು ಮಗು ನಿತ್ಯ ಸೇವಿಸುವ ಔಷಧಗಳಿರಲಿ. ಪ್ಯಾರಾಸಿಟಮಾಲನ್ನು ಮಗುವಿನ ತೂಕಕ್ಕನುಗುಣವಾಗಿ, ಕಿಲೋಗೆ 10ರಿಂದ 15 ಮಿಲಿಗ್ರಾಂನಂತೆ ಕೊಡುವುದು ಪದ್ಧತಿ. ಒಂದೇ ಹೆಸರಿನ ಸಿರಪ್ಪು ಬೇರೆ ಬೇರೆ ಪ್ರಬಲತೆಗಳಲ್ಲಿ ದೊರೆಯುವುದರಿಂದ, ಎಷ್ಟು ಮಿಲಿಲೀಟರ್ ಕೊಡಬೇಕೆಂದು ವೈದ್ಯರಿಂದಲೇ ಬಾಟಲಿಯ ಮೇಲೆ ಬರೆಯಿಸಿಕೊಳ್ಳುವುದು ಲೇಸು.

ದಾರಿಯಲ್ಲಿ

ಕಾರಿನಲ್ಲಿ ಮಗುವನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಹಠಾತ್ತನೆ ಬ್ರೇಕು ಹಾಕಿದಾಗ ಎಷ್ಟೇ ಬಲವಾದ ತೋಳೂ ಮಗುವನ್ನು ಹಿಡಿದಿಡಲಾರದು. ಹಿಂದಿನ ಆಸನದಲ್ಲಿ ಮಕ್ಕಳ ಪೀಠವನ್ನು ಬಿಗಿದು ಕೂರಿಸಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೂ 14 ವರ್ಷದೊಳಗಿನ ಮಕ್ಕಳಿಗೆ ಇಂಥ ರಕ್ಷಣೆಯನ್ನು ಕಡ್ಡಾಯಗೊಳಿಸಿದೆ.

ಆಗುಂಬೆ ಘಟ್ಟದಲ್ಲಿ 14 ಕಡಿದಾದ ತಿರುವುಗಳಿವೆ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಪ್ರಯಾಣದ ವಾಂತಿ ಹೆಚ್ಚು. ಹೊಟ್ಟೆ ತುಂಬ ಹಾಲು ಕುಡಿಸಿ ಘಟ್ಟ ಇಳಿಸಿದ ನಮಗೆ ಸೋಮೇಶ್ವರ ತಲುಪುವಷ್ಟರಲ್ಲಿ ತಪ್ಪಿನ ಅರಿವಾಗಿತ್ತು. ಒಂದು ಗಂಟೆ ಮೊದಲು ಇಡ್ಲಿಯಂಥ ಹಗುರ ಆಹಾರ ಕೊಟ್ಟು, ಕಿಟಕಿ ತೆರೆದು, ಮೊಬೈಲು ತೋರಿಸದೆ, ನಡುನಡುವೆ ನಿಲ್ಲಿಸುತ್ತ ಹೋಗುವುದು ಉತ್ತಮ. ವಾಂತಿಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮಗುವಿಗೆ ಕೊಡಲಾಗದು.

ಕಡಲ ತೀರದಲ್ಲಿ

ಮುಳುಗುವ ಮಗು ಕೂಗಿ ಕರೆಯುವುದಿಲ್ಲ, ಕೈ ಬೀಸುವುದಿಲ್ಲ. ಅದು ಸದ್ದಿಲ್ಲದೆ, ಕೆಲವೇ ಕ್ಷಣಗಳಲ್ಲಿ ಮುಳುಗುತ್ತದೆ. ಎಲ್ಲರೂ ನೋಡಿಕೊಳ್ಳುತ್ತಾರೆಂಬುದು ಯಾರೂ ನೋಡುತ್ತಿಲ್ಲವೆಂಬುದಕ್ಕೆ ಸಮ. ಆ ಸಂಜೆಯ ಬಳಿಕ ನಾವೊಂದು ಕ್ರಮ ಮಾಡಿಕೊಂಡೆವು. ಕೆಂಪು ಟವೆಲೊಂದು ಯಾರ ಹೆಗಲ ಮೇಲಿರುವುದೋ ಆ ಹೊತ್ತಿಗೆ ಮಗುವಿನ ಹೊಣೆ ಅವರದು. ಅವರು ಮೊಬೈಲು ಮುಟ್ಟುವಂತಿಲ್ಲ, ಮಗುವಿನಿಂದ ಒಂದು ತೋಳಿನಳತೆಗಿಂತ ದೂರ ಹೋಗುವಂತಿಲ್ಲ. ಅರ್ಧ ಗಂಟೆಯಾದೊಡನೆ ಟವೆಲನ್ನು ಇನ್ನೊಬ್ಬರ ಹೆಗಲಿಗೆ ಹಾಕಿ, “ಇನ್ನು ನಿಮ್ಮದು” ಎಂದು ಬಾಯಿಬಿಟ್ಟು ಹೇಳಿಯೇ ಏಳಬೇಕು. ನಾಲ್ಕು ದಿನ ಈ ಕ್ರಮ ತಪ್ಪಲಿಲ್ಲ.

ಅಲೆ ಮರಳುವಾಗಿನ ಸೆಳೆತ ಮೊಣಕಾಲುದ್ದದ ನೀರಿನಲ್ಲಿಯೂ ಮಗುವನ್ನು ಕೆಡಹಬಲ್ಲದು. ಗಾಳಿ ತುಂಬಿದ ಉಂಗುರಗಳು ಆಟಿಕೆಗಳೇ ಹೊರತು ಜೀವರಕ್ಷಕಗಳಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಮಗುವಿನ ಅಳತೆಯ ರಕ್ಷಾಕವಚ ಇದೆಯೇ ಎಂದು ಮೊದಲೇ ಕೇಳಬೇಕು. ಇಲ್ಲವಾದರೆ ದೋಣಿ ಹತ್ತದಿರುವುದು ಮೇಲು.

ನೀರು ಕುಡಿದ ಮಗುವನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತುವುದು ಹಳೆಯ ರೂಢಿ. ಅದರಿಂದ ಅಮೂಲ್ಯ ಸಮಯ ಕಳೆದುಹೋಗುತ್ತದೆ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೂ ನುಗ್ಗಬಹುದು. ಉಸಿರಾಟ ನಿಂತಿದ್ದರೆ ಒಡನೆ ಬಾಯಿಯಿಂದ ಉಸಿರು ತುಂಬಿ, ಎದೆ ಒತ್ತಲು ತೊಡಗಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಈ ಪ್ರಥಮ ಚಿಕಿತ್ಸೆಯನ್ನು ಮನೆಯ ಇಬ್ಬರಾದರೂ ಕಲಿತು ಹೊರಡುವುದು ಒಳಿತು.

ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಕರಾವಳಿಯ ತೇವಗಾಳಿಯಲ್ಲಿ ಅದು ಬೇಗ ಆರದು, ಮೈಯ ಕಾವು ಒಳಗೇ ಉಳಿಯುತ್ತದೆ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಮಗು ನೆರಳಿನಲ್ಲಿಯೇ ಇರಲಿ. ತುಂಬುತೋಳಿನ ತೆಳು ಹತ್ತಿಬಟ್ಟೆ, ಅಗಲ ಅಂಚಿನ ಟೊಪ್ಪಿಗೆ ತೊಡಿಸಿರಿ. ಆಟ ಮುಗಿದೊಡನೆ ಉಪ್ಪುನೀರನ್ನು ತೊಳೆದು, ಕುತ್ತಿಗೆ ತೊಡೆಗಳ ಸಂದಿಯನ್ನು ಒರಸಿದರೆ ಬೆವರುಸಾಲೆ ಏಳದು.

ಕಾಡಂಚಿನಲ್ಲಿ

ಮಗುವಿಗೆ ಕಾಡೆಂದರೆ ಜಲಪಾತವೋ ಶಿಖರವೋ ಅಲ್ಲ. ಅಂಗಳದ ಅಂಚಿನ ಪಾಚಿ, ಎಲೆಯ ಮೇಲಿನ ಬಸವನಹುಳು, ಜೀರುಂಡೆಯ ಸದ್ದು ಇಷ್ಟೇ ಅದಕ್ಕೆ ಸಾಕು. ಆದ್ದರಿಂದ ಒಳಗಾಡಿನ ನಡಿಗೆಯನ್ನು ದೊಡ್ಡವನಾದ ಮೇಲಿನ ದಿನಕ್ಕೆ ಉಳಿಸಿ, ಹಾದಿಯಂಚಿನಲ್ಲಿ ಅರ್ಧ ಗಂಟೆ ಸುತ್ತಾಡಿ ಬಂದರೆ ನಷ್ಟವೇನಿಲ್ಲ.

ಮಳೆಯ ತೇವ ಆರದ ಕಡೆ ಉಂಬಳಗಳಿರುತ್ತವೆ. ಕಡಿತದಿಂದ ರಕ್ತ ಸ್ವಲ್ಪ ಹೊತ್ತು ಸುರಿದೀತು, ಭಯಪಡಬೇಕಾಗಿಲ್ಲ. ಉಗುರಿನಿಂದ ಅದರ ಬಾಯಿಯನ್ನು ಪಕ್ಕಕ್ಕೆ ಜಾರಿಸಿ ತೆಗೆದು, ಸಾಬೂನಿನಿಂದ ತೊಳೆದು ಬಟ್ಟೆ ಒತ್ತಿಹಿಡಿದರೆ ಸಾಕು. ಉಣುಗಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಕಾಡಿನಿಂದ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಮಗುವಿನ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕೂದಲ ಬುಡದಲ್ಲಿ ಹುಡುಕಬೇಕು. ಅಂಟಿಕೊಂಡಿದ್ದರೆ ಚಿಮಟದಿಂದ ಚರ್ಮದ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಸುರಿಯುವುದು, ಸುಡುವುದು ಕೂಡದು.

ಸೊಳ್ಳೆಗೆ ಪರದೆಯೇ ಶ್ರೇಷ್ಠ. ಕೆಲವರು ಕರ್ಪೂರದ ಗಂಟನ್ನು ಮಗುವಿನ ಹಾಸಿಗೆಯ ಬಳಿ ಕಟ್ಟುತ್ತಾರೆ. ಮಗು ಅದನ್ನು ಬಾಯಿಗಿಟ್ಟರೆ ಅಲ್ಪ ಪ್ರಮಾಣವೂ ಅಪಸ್ಮಾರದಂಥ ಸೆಳವು ತರಬಲ್ಲದು, ಪ್ರಾಣಕ್ಕೂ ಅಪಾಯ.

ಮಲೆನಾಡಿನ ಮನೆಗಳಲ್ಲಿ ತಂಗುವವರು ಮೊದಲು ಮನೆಯನ್ನೊಮ್ಮೆ ಸುತ್ತಿ ನೋಡಬೇಕು. ಕಟ್ಟೆಯಿಲ್ಲದ ಬಾವಿ, ತೋಟದ ಹೊಂಡ, ಬಚ್ಚಲಲ್ಲಿ ಕುದಿಯುವ ಹಂಡೆ, ತುಂಬಿಟ್ಟ ಬಕೆಟ್ಟು ಇವೆಲ್ಲವೂ ಕಾಡಿನ ಹಾವಿಗಿಂತ ಹೆಚ್ಚು ಸಮೀಪದ ಅಪಾಯಗಳು. ಗೇಣುದ್ದದ ನೀರೂ ಈ ವಯಸ್ಸಿನ ಮಗುವಿಗೆ ಮುಳುಗುನೀರೇ. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಧಾವಿಸುವುದೊಂದೇ ಮಾರ್ಗ.

ಆಹಾರ ಮತ್ತು ನೀರು

ಹೊಸ ಊರಿನಲ್ಲಿ ಹಳೆಯ ಊಟವೇ ಮಗುವಿಗೆ ಹಿತ. ಮನೆಯಿಂದ ರಾಗಿ ಹುರಿಹಿಟ್ಟು, ಅವಲಕ್ಕಿ ಒಯ್ದರೆ ಎಂಥ ಹೊತ್ತಿನಲ್ಲೂ ಆಸರೆಯಾಗುವುದು. ಕರಾವಳಿಯ ಕುಚ್ಚಲಕ್ಕಿ ಗಂಜಿ, ನೀರುದೋಸೆಗಳೂ ಪುಟ್ಟ ಹೊಟ್ಟೆಗೆ ಸಲ್ಲುವಂಥವೇ. ಕುದಿಸಿ ಆರಿಸಿದ ನೀರು, ಎದುರಿಗೇ ಕೆತ್ತಿದ ಎಳನೀರು ಕೊಡಬಹುದು. ಹೆಚ್ಚಿಟ್ಟ ಹಣ್ಣು, ಮಂಜುಗಡ್ಡೆಯ ಪಾನೀಯ ಬೇಡ.

ಭೇದಿಯಾದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿಗೆ ಕದಡಿ, ಚಮಚೆ ಚಮಚೆಯಾಗಿ ಕುಡಿಸಿರಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡದಕ್ಕೆ 100ರಿಂದ 200 ಮಿಲಿಲೀಟರ್ ಬೇಕಾದೀತು. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಬಹುದು. ಅಂಗಡಿಯ ಸಿಹಿ ಪಾನೀಯ ಇದಕ್ಕೆ ಬದಲಲ್ಲ. ಊಟವನ್ನೂ ಎದೆಹಾಲನ್ನೂ ನಿಲ್ಲಿಸಬಾರದು. ಮೂತ್ರ ಬಹಳ ಹೊತ್ತು ಹೋಗದಿರುವುದು, ಕಣ್ಣು ಗುಳಿಬೀಳುವುದು, ಅಳುವಾಗ ಕಣ್ಣೀರು ಬಾರದಿರುವುದು, ಮಲದಲ್ಲಿ ರಕ್ತ, ಮಂಪರು ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೊರಡಬೇಕು.

ಮನೆಗೆ ಮರಳಿದ ಮೇಲೆ

ಪ್ರವಾಸ ಮನೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ಮಂಗನ ಕಾಯಿಲೆಯ ಜ್ವರ ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಕಾಣಿಸುವುದು. ಡೆಂಗಿ, ಮಲೇರಿಯಾಗಳಿಗೂ ಒಂದೆರಡು ವಾರ ಬೇಕಾದೀತು. ಅಷ್ಟರಲ್ಲಿ ಕಡಲು ಕಾಡುಗಳೆರಡೂ ಮರೆತಿರುತ್ತವೆ, ಊರಿನ ವೈದ್ಯರು ಸಾಮಾನ್ಯ ನೆಗಡಿಜ್ವರವೆಂದು ತಿಳಿದರೆ ಅವರ ತಪ್ಪೂ ಅಲ್ಲ. ಹಿಂದಿರುಗಿದ ಎರಡು ಮೂರು ವಾರಗಳಲ್ಲಿ ಮಗುವಿಗಾಗಲಿ ಹಿರಿಯರಿಗಾಗಲಿ ಜ್ವರ ಬಂದರೆ, “ನಾವು ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆವು” ಎಂಬ ಒಂದು ಮಾತನ್ನು ಮೊದಲು ಹೇಳಿರಿ. ಚಿಕಿತ್ಸೆಯ ದಿಕ್ಕನ್ನೇ ಅದು ಬದಲಿಸಬಲ್ಲದು.

ಇಷ್ಟೆಲ್ಲ ಎಚ್ಚರಿಕೆಗಳನ್ನು ಓದಿ ಮನೆಯಲ್ಲೇ ಉಳಿಯುವುದೇ ವಾಸಿಯೆಂದು ಯಾರೂ ಭಾವಿಸದಿರಲಿ. ಅಲೆ ಪಾದ ತೊಳೆದಾಗ ನಮ್ಮ ಕೂಸು ನಕ್ಕ ನಗು ಇಂದಿಗೂ ನಮ್ಮ ಕಣ್ಣಮುಂದಿದೆ. ಅವನಿಗೆ ಅದರ ನೆನಪಿಲ್ಲ. ಆ ಕೆಂಪು ಟವೆಲು ಈಗ ಅಂಚು ಸವೆದು ಬಣ್ಣ ಮಾಸಿದೆ. ಆದರೂ ಕೆರೆಯ ದಂಡೆಗೋ ಜಾತ್ರೆಗೋ ಹೊರಡುವಾಗ ಮೊದಲು ಅದನ್ನೇ ಹುಡುಕುತ್ತೇವೆ. ಈಗ ಅದು ಅವನ ತಂಗಿಗಾಗಿ.