ಮನೆತನದ ಲೆಕ್ಕ ಬರೆದಿಟ್ಟಿದ್ದೀರಾ?



ಕಳೆದ ವರ್ಷ ಮಳೆ ಹಿಡಿಯುವ ಮುನ್ನ ನಮ್ಮ ಸದಸ್ಯರೊಬ್ಬರು ಸಾಲದ ಅರ್ಜಿ ಹಿಡಿದು ಸಂಘದ ಕಚೇರಿಗೆ ಬಂದರು. ಮೂರು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ ಇರುವ ಗೃಹಸ್ಥರು. ಅದುವರೆಗೆ ಸಾಲದ ತಂಟೆಗೇ ಹೋದವರಲ್ಲ. ಆ ಸಾಲಿನಲ್ಲಿ ಕೊಳೆರೋಗ ಹೊಡೆದು ಕೈ ಬರಿದಾಗಿತ್ತು. ಪಹಣಿ ತೆಗೆಸಿ ನೋಡಿದರೆ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ತೀರಿಕೊಂಡು ನಲವತ್ತು ವರ್ಷ ಕಳೆದಿದೆ. ಪೌತಿ ಖಾತೆಗೆ ವಂಶವೃಕ್ಷ ಬೇಕು. "ಅಜ್ಜನಿಗೆ ಮಕ್ಕಳೆಷ್ಟು?" ಎಂದು ಕೇಳಿದೆವು. "ನಾಲ್ವರು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಘಟ್ಟದ ಕೆಳಗೆ ಕೊಟ್ಟಿದ್ದ ಒಬ್ಬ ಅತ್ತೆ ಇದ್ದರಂತೆ. ಬೇಗ ತೀರಿಕೊಂಡರಂತೆ. ಮಕ್ಕಳಿದ್ದರೋ ಇಲ್ಲವೋ ಗೊತ್ತಿಲ್ಲ" ಎಂದರು. ಅರ್ಜಿ ಅಲ್ಲಿಗೇ ನಿಂತಿತು.

ಅವರನ್ನು ಆಡಿಕೊಳ್ಳುವ ಯೋಗ್ಯತೆ ನಮಗೂ ಇರಲಿಲ್ಲ. ಆ ರಾತ್ರಿ ನಮ್ಮದೇ ಮನೆಯ ವಂಶವೃಕ್ಷ ಬರೆಯಲು ಕುಳಿತೆವು. ಮುತ್ತಜ್ಜನ ಹೆಸರಿಗೆ ಬಂದು ಪೆನ್ನು ನಿಂತಿತು. ಹೆಂಗಸರ ಹೆಸರಂತೂ ಅಜ್ಜಿಯಿಂದ ಆಚೆಗೆ ಒಂದೂ ಗೊತ್ತಿಲ್ಲ. ಡಿಗ್ರಿ ಓದಿದ್ದೇವೆ, ಇಪ್ಪತ್ತು ವರ್ಷದಿಂದ ಸಂಘದ ಲೆಕ್ಕವನ್ನು ಪೈಸೆ ತಪ್ಪದೆ ಬರೆದಿದ್ದೇವೆ. ಮನೆಯ ಲೆಕ್ಕ ಮಾತ್ರ ಬರೆದಿರಲಿಲ್ಲ. ಅಂದಿನಿಂದ ಒಂದು ವರ್ಷ ಬಿಡುವಾದಾಗಲೆಲ್ಲ ಹುಡುಕಿದೆವು. ಅದರಲ್ಲಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಹಿರಿಯರು, ಆಮೇಲೆ ಕಾಗದ

ನಮ್ಮ ಸೋದರತ್ತೆಗೆ ತೊಂಬತ್ತು ಸಮೀಪಿಸಿತ್ತು. ಒಂದು ಮಧ್ಯಾಹ್ನ ಹೋಗಿ ಕುಳಿತೆವು. "ನಿನ್ನ ಅಜ್ಜನಿಗೆ ಒಬ್ಬಳು ಅಕ್ಕ ಇದ್ದಳು ಕಣೋ" ಎಂದು ಶುರು ಮಾಡಿದರು. ಅಷ್ಟರಲ್ಲಿ ಕತ್ತಲಾಯಿತು. "ಇನ್ನೊಮ್ಮೆ ಬರುತ್ತೇನೆ ಅತ್ತೆ" ಎಂದು ಎದ್ದೆವು. ಅಡಿಕೆ ಕೊನೆ ಕೊಯ್ಲು ಬಂತು, ಹಿಂದೆಯೇ ಕಾಫಿ ಹಣ್ಣು ಬಂತು. ಪುಷ್ಯದಲ್ಲಿ ಅತ್ತೆ ತೀರಿಕೊಂಡರು. ಆ ಅಕ್ಕನ ಹೆಸರನ್ನು ಕೇಳಿಯೇ ಇರಲಿಲ್ಲ. ಕಾಗದ ಕಪಾಟಿನಲ್ಲಿ ಕಾಯುತ್ತದೆ, ಹಿರಿಯರು ಕಾಯುವುದಿಲ್ಲ.

ಹಿರಿಯರನ್ನು "ಯಾವ ಇಸವಿ?" ಎಂದು ಕೇಳಿದರೆ ಉತ್ತರ ಸಿಗದು. ಕೆಳಗಿನ ತೋಟ ಹಾಕಿದ್ದು ಮದುವೆಗೆ ಮೊದಲೋ ಆಮೇಲೋ, 1924ರ ದೊಡ್ಡ ನೆರೆಯ ಬಗ್ಗೆ ಅವರ ಅಪ್ಪ ಏನು ಹೇಳುತ್ತಿದ್ದರು, ಗಾಂಧೀಜಿ ತೀರಿಕೊಂಡ 1948ರಲ್ಲಿ ಮನೆಯಲ್ಲಿ ಯಾರು ಯಾರಿದ್ದರು ಎಂದು ಕೇಳಿ. ಮಲೇರಿಯಾ ಜ್ವರದಲ್ಲಿ ಹೋದವರ, ಎಳವೆಯಲ್ಲೇ ತೀರಿಕೊಂಡ ಮಕ್ಕಳ, ಮನೆ ಬಿಟ್ಟು ಹೋದವರ ಸುದ್ದಿಯನ್ನು ನಿಧಾನವಾಗಿ ಕೇಳಿ. ಮೊಮ್ಮಕ್ಕಳ ಫೋನಿನಲ್ಲಿ ಧ್ವನಿ ಹಿಡಿದಿಡಿ.

ಪೆಟ್ಟಿಗೆಯಲ್ಲಿರುವುದು

ಅಟ್ಟದ ಪೆಟ್ಟಿಗೆ ತೆಗೆಯಿರಿ. ಪಾಲುಪಟ್ಟಿ, ಕ್ರಯಪತ್ರ, ಅಡಮಾನ ಪತ್ರ, ಗೇಣಿ ಚೀಟಿ, ಕಂದಾಯದ ರಶೀದಿ, ಜಾತಕ, ಲಗ್ನಪತ್ರಿಕೆ ಯಾವುದನ್ನೂ ರದ್ದಿಗೆ ಹಾಕಬೇಡಿ. ಕಾಫಿ ಬೆಳೆಗಾರರ ಮನೆಯಲ್ಲಿ ಕಾಫಿ ಬೋರ್ಡಿನ ಹಳೆಯ ಕಾಗದಗಳಿರುತ್ತವೆ. 1942ರ ಕಾಫಿ ಕಾಯಿದೆಯಂತೆ ತೋಟದ ಯಜಮಾನರು ನೋಂದಣಿ ಮಾಡಿಸಬೇಕಿತ್ತು. ತೋಟ ಯಾವ ಕಾಲಕ್ಕೆ ಯಾರ ಹೆಸರಿನಲ್ಲಿತ್ತೆಂಬುದು ಆ ಕಾಗದಗಳಿಂದ ತಿಳಿಯುತ್ತದೆ.

ಕಾಗದ ಓದುವಾಗ ಕೆಲವು ಸಂಗತಿ ನೆನಪಿರಲಿ. "ಬಿನ್" ಎಂದರೆ ಇಂಥವರ ಮಗ, "ಕೋಂ" ಎಂದರೆ ಇಂಥವರ ಹೆಂಡತಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದು ನಮ್ಮ ವಾಡಿಕೆ. ಆದ್ದರಿಂದ ಹೆಸರು ಒಂದೇ ಇದ್ದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎಂದುಕೊಳ್ಳಬೇಡಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ವಿಕಾರಿ ಎಂದಿದ್ದರೆ ಅದು 1899-1900 ಇರಬಹುದು, 1959-60 ಕೂಡ ಇರಬಹುದು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಅದು ತಿಳಿಯದೆ ಬೇರೆ ಊರಿನ ಕಾಗದವೆಂದು ಬದಿಗಿಟ್ಟವರಿದ್ದಾರೆ.

ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಪಟ್ಟಿ ಹಚ್ಚಬೇಡಿ. ಫೋಟೋ ತೆಗೆದು, ಮೂಲವನ್ನು ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಲೆನಾಡಿನ ಥಂಡಿ ಮತ್ತು ಗೆದ್ದಲು ಕಾಗದಕ್ಕೆ ಶತ್ರುಗಳು.

ನಮ್ಮ ಪೆಟ್ಟಿಗೆಯಲ್ಲಿ ಒಂದು ಪಾಲುಪಟ್ಟಿ ಸಿಕ್ಕಿತು. ಅಜ್ಜನ ಅಕ್ಕನಿಗೆ ಅರಿಶಿನ ಕುಂಕುಮಕ್ಕೆಂದು ಹಳ್ಳದ ಬದಿಯ ಒಂದು ತುಂಡು ಜಮೀನನ್ನು ಬಿಟ್ಟಿತ್ತು, ಜೊತೆಗೆ ಆಕೆಯ ಹೆಸರೂ ಇತ್ತು. ಆ ಜಾಗಕ್ಕೆ ನಾವು ಇಂದಿಗೂ "ಅಕ್ಕನ ಗದ್ದೆ" ಎನ್ನುತ್ತೇವೆ. ಐವತ್ತು ವರ್ಷ ಅಲ್ಲಿ ಓಡಾಡಿದರೂ ಯಾವ ಅಕ್ಕ ಎಂದು ಒಮ್ಮೆಯೂ ಕೇಳಿರಲಿಲ್ಲ. ನಿಮ್ಮ ಗದ್ದೆ ತೋಟಗಳ ಹೆಸರುಗಳನ್ನೂ ಬರೆದಿಡಿ ಎನ್ನುವುದು ಇದಕ್ಕೇ.

ಕಚೇರಿಗಳಲ್ಲಿ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆಯ ಪುಸ್ತಕಗಳಿವೆ. ಸರ್ವೆ ನಂಬರ್ ಹಿಡಿದು ಇಂದಿನಿಂದ ಹಿಂದಕ್ಕೆ ಹೋಗಿ. ಒಂದೊಂದು ಎಂ.ಆರ್. ನಮೂದೂ ಒಂದು ಸಾವನ್ನೋ ಪಾಲನ್ನೋ ಮಾರಾಟವನ್ನೋ ಹೇಳುತ್ತದೆ. ನೋಂದಾಯಿತ ಪತ್ರಗಳ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಕೊಟ್ಟಿದ್ದರೆ, ಭೂ ನ್ಯಾಯಮಂಡಳಿಯ ಕಡತದಲ್ಲಿ ಕುಟುಂಬದ ವಿವರ ಸಿಗುವ ಸಾಧ್ಯತೆಯಿದೆ. ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರೂ ಹುಟ್ಟಿದ ದಿನವೂ ಇರುತ್ತದೆ. ಮೇಷ್ಟರು ಅಂದಾಜಿನಿಂದ ಬರೆದ ದಿನವೂ ಇರಬಹುದು, ಎಚ್ಚರ.

1956ಕ್ಕೆ ಮೊದಲು ನಿಮ್ಮ ಊರು ಯಾವ ಆಡಳಿತದಲ್ಲಿತ್ತೆಂದು ನೋಡಿಕೊಳ್ಳಿ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಉತ್ತರ ಕನ್ನಡ ಮುಂಬಯಿಗೆ. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಹೀಗಾಗಿ ಕೆಲವು ಹಳೆಯ ಸರ್ಕಾರಿ ಕಡತಗಳಿಗೆ ಚೆನ್ನೈ, ಮುಂಬಯಿಗಳ ಪತ್ರಾಗಾರಗಳಲ್ಲೂ ಹುಡುಕಬೇಕಾಗುತ್ತದೆ. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ನೀರಿನಲ್ಲಿ ಊರೇ ಮುಳುಗಿದ ಮನೆಗಳವರು ಹಳೆಯ ಊರಿನ ಹೆಸರು ಹಿಡಿದೇ ಹುಡುಕಬೇಕು.

ಹೆಳವರು, ಪುರೋಹಿತರು, ಕಲ್ಲುಗಳು

ನಮ್ಮಲ್ಲಿ ಅನೇಕ ಮನೆತನಗಳು ಬಯಲುಸೀಮೆಯಿಂದ ಬಂದವು. ಅಂಥವರು ಮೂಲ ಊರಿನ ನಂಟರನ್ನು ಹೆಳವರ ಬಗ್ಗೆ ವಿಚಾರಿಸಿ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಸುಗ್ಗಿಯ ಮೇಲೆ ಮನೆಗೆ ಬಂದು, ಆ ಮನೆತನದ ಮೂಲ, ಬೆಡಗು, ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುವವರು ಅವರು. ನಾವು ಭಿಕ್ಷೆಯವರೆಂದು ಅಂಗಳದಿಂದಲೇ ಕಳಿಸಿಬಿಟ್ಟರೆ ನಮ್ಮ ಮನೆಯ ಚರಿತ್ರೆಯನ್ನೇ ಕಳಿಸಿಬಿಟ್ಟಂತೆ. ಮರ್ಯಾದೆಯಿಂದ ಕೂರಿಸಿ, ಹೇಳಿದ್ದನ್ನು ಬರೆದುಕೊಳ್ಳಿ.

ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು ಪುರೋಹಿತರ ಬಾಯಲ್ಲಿ ಬರುತ್ತದೆ. ಅದನ್ನು ಬರೆದಿಟ್ಟರೆ ಮುಂದಿನ ತಲೆಮಾರಿಗೆ ನಾಲ್ಕಾಗುತ್ತದೆ. ಕೊಡಗಿನ ಬಂಧುಗಳಿಗೆ ಐನ್‌ಮನೆ, ಕೈಮಡಗಳೇ ಒಕ್ಕದ ದಾಖಲೆ. ಅಳಿಯಸಂತಾನದ ಮನೆಗಳವರು ತಾಯಿಯ ಸಾಲು ಹಿಡಿದು ಬರೆಯಬೇಕು. ಊರಿನ ಶಾಸನ, ವೀರಗಲ್ಲುಗಳಿಗೆ ಬಿ. ಎಲ್. ರೈಸ್ ಅವರ "ಎಪಿಗ್ರಾಫಿಯಾ ಕರ್ನಾಟಿಕಾ" ನೋಡಬಹುದು. ಅದರ 6ನೆಯ ಸಂಪುಟ ಕಡೂರು ಜಿಲ್ಲೆಯದು. ಅಲ್ಲಿ ಊರಿನ ಹೆಸರು ಸಿಕ್ಕೀತು. ವೀರಗಲ್ಲಿನ ವೀರ ನಮ್ಮ ಮುತ್ತಜ್ಜನೇ ಎಂದು ಮಾತ್ರ ಹೊರಡಬೇಡಿ.

ಹೆಣ್ಣುಮಕ್ಕಳನ್ನು ಬಿಡಬೇಡಿ

ಎಲ್ಲಕ್ಕಿಂತ ಮುಖ್ಯವಾದ ಮಾತಿದು. ಪಾಲು ಕೇಳಿಯಾರೆಂದು ಹೆದರಿ ಅಕ್ಕತಂಗಿಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವವರಿದ್ದಾರೆ. ಅದು ಸುಳ್ಳು ಲೆಕ್ಕ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿದೆ. ಇಂದು ಬಿಟ್ಟ ಹೆಸರು ನಾಳೆ ಕೋರ್ಟಿನ ನೋಟೀಸಾಗಿ ಬರುತ್ತದೆ.

ನಾವು ಅಜ್ಜನ ಅಕ್ಕನ ಮೊಮ್ಮಕ್ಕಳನ್ನು ಹುಡುಕಿಕೊಂಡು ಹೋದೆವು. ಪಾಲು ಕೊಡಲು ಬಂದವರೋ ಬಿಡಿಸಿಕೊಳ್ಳಲು ಬಂದವರೋ ಎಂದು ಅವರು ಮೊದಲು ಅನುಮಾನಿಸಿದರು. ಕಾಫಿ ಕುಡಿದ ಮೇಲೆ ಒಳಗಿನಿಂದ ಒಂದು ಫೋಟೋ ತಂದರು. ನಮ್ಮ ಅಜ್ಜನದೇ ಮುಖ! ಈಗ ಅವರು ನಮ್ಮ ಮನೆಯ ಕಾರ್ಯಗಳಿಗೆ ಬರುತ್ತಾರೆ. ಅಕ್ಕನ ಗದ್ದೆಯ ವಿಷಯ ಎರಡೂ ಮನೆಯವರು ಕುಳಿತು ಮಾತಾಡುತ್ತಿದ್ದೇವೆ.

ಮೊದಲು ಹೇಳಿದ ಸದಸ್ಯರಿಗೂ ಘಟ್ಟದ ಕೆಳಗೆ ಅತ್ತೆಯ ಇಬ್ಬರು ಮಕ್ಕಳು ಸಿಕ್ಕರು. ಅವರ ಹೆಸರೂ ಸೇರಿ ವಂಶವೃಕ್ಷವಾಯಿತು, ಒಪ್ಪಿಗೆಯಿಂದ ಖಾತೆಯಾಯಿತು. ಹನ್ನೊಂದು ತಿಂಗಳು ಹಿಡಿಯಿತು. ಬರೆದ ಪುಸ್ತಕವೊಂದು ಮನೆಯಲ್ಲಿದ್ದಿದ್ದರೆ ಇಷ್ಟು ದಿನ ಬೇಕಾಗಿರಲಿಲ್ಲ.

ಸಂಘದ ಹಳೆಯ ಷೇರು ರಿಜಿಸ್ಟರುಗಳು ನಮ್ಮ ಕಚೇರಿಯಲ್ಲಿ ಭದ್ರವಾಗಿವೆ. ನಿಮ್ಮ ಹಿರಿಯರ ಸಹಿಯೋ ಹೆಬ್ಬೆಟ್ಟೋ ಅದರಲ್ಲಿರಬಹುದು. ಕಚೇರಿ ವೇಳೆಯಲ್ಲಿ ಬಂದರೆ ತೆಗೆದು ತೋರಿಸುತ್ತೇವೆ. ಬರುವಾಗ ನೂರು ಪುಟದ ಒಂದು ನೋಟುಪುಸ್ತಕ ತನ್ನಿ. ಮನೆಯಲ್ಲಿ ಹಿರಿಯರಿದ್ದರೆ ಅದರ ಮೊದಲ ಪುಟವನ್ನು ಇವತ್ತೇ, ಅವರ ಪಕ್ಕದಲ್ಲಿ ಕುಳಿತು ತುಂಬಿಸಿ.